ಮುಂಬಯಿಯಲ್ಲಿ ಮುಖಗಳನ್ನು ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಭಾನುವಾರ ನಾವು ಹತ್ತು ಹನ್ನೆರಡು ಜನ ಕನ್ನಡದವರು ಸೇರಿ ಮುಂಬಯಿಯ ಯಾವುದಾದರೂ ಮ್ಯೂಸಿಯಂಗೋ ಗ್ಯಾಲರಿಗೋ ಹೋಗುತ್ತೇವೆ. ಅಲ್ಲಿ ಮನುಷ್ಯರ ಮುಖಗಳನ್ನು ಮಾತ್ರ ನೋಡುತ್ತೇವೆ. ಡೊಂಬಿವಲಿಯಿಂದ ಬರುವವರಿದ್ದಾರೆ, ಮೀರಾ ರೋಡಿನಿಂದ, ವಾಶಿಯಿಂದ ಬರುವವರಿದ್ದಾರೆ. ನಮ್ಮಲ್ಲಿ ಕಲಾವಿದರು ಕಡಿಮೆ. ಬ್ಯಾಂಕಿನವರು, ಹೋಟೆಲಿನವರು, ಟೀಚರುಗಳು ಜಾಸ್ತಿ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಪೋರ್ಟ್ರೇಟ್ ಅಂದರೆ ಕೈಯಲ್ಲಿ ಬರೆದದ್ದು ಮಾತ್ರವಾ? ಫೋಟೊ ಲೆಕ್ಕಕ್ಕೆ ಬರೋದಿಲ್ಲವಾ?

ಖಂಡಿತ ಬರುತ್ತದೆ. ಕನ್ನಡದಲ್ಲಿ ಭಾವಚಿತ್ರ ಅಂದರೆ ಎರಡೂ ಆಯಿತು. ಊರಿನ ಮನೆಗಳಲ್ಲಿ ಇನ್ನೂ ಸುಲಭ, ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದೆಲ್ಲ ಪಟ. ಅಜ್ಜನ ಪಟ, ಗಾಂಧಿ ಪಟ, ಲಕ್ಷ್ಮಿ ಪಟ.

ಮುಂಬಯಿಯಲ್ಲಿ ಫೋಟೊ ಬಲು ಬೇಗ ಬೇರೂರಿತು. 1854ರಲ್ಲೇ ಇಲ್ಲೊಂದು ಫೋಟೊಗ್ರಾಫಿಕ್ ಸೊಸೈಟಿ ಶುರುವಾಗಿತ್ತು, ಡಾಕ್ಟರ್ ಭಾವು ದಾಜಿ ಅದರ ಸದಸ್ಯರಾಗಿದ್ದರು. ಹೆಸರಾಂತ ಫೋಟೊಗ್ರಾಫರ್ ರಾಜಾ ದೀನ್ ದಯಾಳ್ 1896ರಲ್ಲಿ ಇಲ್ಲಿ ಸ್ಟುಡಿಯೊ ತೆರೆದರು. ಆಮೇಲೆ ಗಲ್ಲಿಗೊಂದು ಸ್ಟುಡಿಯೊ ಬಂತು. ನಮ್ಮ ಅಜ್ಜ ಫೋರ್ಟಿನ ಹೋಟೆಲೊಂದರಲ್ಲಿ ಮಾಣಿಯಾಗಿದ್ದಾಗ ಗಿರ್ಗಾಂವ್‌ನ ಸ್ಟುಡಿಯೊದಲ್ಲಿ ತೆಗೆಸಿಕೊಂಡ ಫೋಟೊ ನಮ್ಮ ಮನೆಯಲ್ಲಿದೆ. ಕೋಟು ಸ್ಟುಡಿಯೊದವರದ್ದು. ತೋಳು ಉದ್ದವಾಗಿ ಅರ್ಧ ಅಂಗೈ ಮುಚ್ಚಿದೆ. ಕಪ್ಪು ಬಿಳುಪು ಫೋಟೊದ ಮೇಲೆ ಆಮೇಲೆ ಕೈಯಿಂದ ಬಣ್ಣ ಹಚ್ಚಿದ್ದಾರೆ, ತುಟಿ ಸ್ವಲ್ಪ ಜಾಸ್ತಿಯೇ ಕೆಂಪಾಗಿದೆ. ಊರಿನಲ್ಲಿದ್ದ ತಾಯಿಗೆ ಕಳಿಸಲು ಒಂದು ತಿಂಗಳ ಸಂಬಳದಲ್ಲಿ ಉಳಿಸಿ ತೆಗೆಸಿದ್ದಂತೆ. ನನ್ನ ಮಟ್ಟಿಗೆ ಅದು ಯಾವ ಮ್ಯೂಸಿಯಂನ ಪೋರ್ಟ್ರೇಟಿಗೂ ಕಡಿಮೆಯಲ್ಲ. ಒಬ್ಬ ಮನುಷ್ಯ, ನನ್ನನ್ನು ಹೀಗೆ ನೋಡಿ ಅಂತ ಇನ್ನೊಬ್ಬರ ಮುಂದೆ ಕೂತಿದ್ದಾನೆ. ನಾವು ನೋಡಲು ಹೋಗುವುದು ಅದನ್ನೇ.

ಮುಂಬಯಿಯಲ್ಲಿ ಮುಖಗಳನ್ನು ನೋಡಲು ಎಲ್ಲಿಗೆ ಹೋಗಬೇಕು?

ಲಂಡನ್ನಿನಲ್ಲಿ ಪೋರ್ಟ್ರೇಟಿಗೆ ಅಂತಲೇ ಕಟ್ಟಿದ ಗ್ಯಾಲರಿ ಇದೆ. ನಮ್ಮ ಮುಂಬಯಿಯಲ್ಲಿ ಮುಖಗಳು ನಾಲ್ಕಾರು ಕಡೆ ಹಂಚಿಹೋಗಿವೆ, ನಾವೇ ಜೋಡಿಸಿಕೊಂಡು ನೋಡಬೇಕು.

ಮೊದಲ ಸಲ ಬರುವವರನ್ನು ನಾನು ಕರೆದುಕೊಂಡು ಹೋಗುವುದು ಛತ್ರಪತಿ ಶಿವಾಜಿ ಮಹಾರಾಜ್ ವಾಸ್ತು ಸಂಗ್ರಹಾಲಯಕ್ಕೆ. ಹಳಬರಿಗೆ ಅದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು ಹಾಕಿ, ಜಾರ್ಜ್ ವಿಟೆಟ್ ನಕ್ಷೆಯಂತೆ ಕಟ್ಟಿ, 1922ರಲ್ಲಿ ಜನರಿಗೆ ತೆರೆದರು. ಅಲ್ಲಿ ಎರಡು ಕೆಲಸ ಮಾಡಿ. ಮೊದಲು ಕಿರುಚಿತ್ರಗಳ ಕೋಣೆಗೆ ಹೋಗಿ. ಮೊಘಲರ ಕಾಲದ ಭಾವಚಿತ್ರಗಳಲ್ಲಿ ಮುಖ ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತದೆ. ಒಂದು ಕಣ್ಣು, ಒಂದು ಕಿವಿ. ಮುಖವೆಲ್ಲ ಸೇರಿ ನಮ್ಮ ಹೆಬ್ಬೆರಳಿನ ಉಗುರಿನಷ್ಟು, ಅದರಲ್ಲೇ ಕಿವಿಯ ಹತ್ತಿರದ ಕೂದಲಿನ ಎಳೆ ಎಳೆಯೂ ಕಾಣುತ್ತದೆ. ಅಳಿಲಿನ ಬಾಲದ ಕೂದಲಿನ ಕುಂಚದಲ್ಲಿ ಬರೆಯುತ್ತಿದ್ದರು. ಅಲ್ಲಿಂದ ನೇರ ಟಾಟಾ ಸಂಗ್ರಹದ ಯುರೋಪಿನ ತೈಲಚಿತ್ರಗಳ ಹತ್ತಿರ ಹೋಗಿ. ರತನ್ ಟಾಟಾ ಮತ್ತು ದೊರಾಬ್ ಟಾಟಾ ಸೋದರರಿಂದ ಬಂದ ಸಂಗ್ರಹ ಅದು. ಇಲ್ಲಿ ಮುಖ ನಮ್ಮ ಕಡೆಗೇ ತಿರುಗಿದೆ, ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು. ಈ ಎರಡು ಕೋಣೆಗಳ ನಡುವೆ ಐದು ನಿಮಿಷ ನಡೆದರೆ ಪೋರ್ಟ್ರೇಟಿನ ಬಗ್ಗೆ ಅರ್ಧ ವಿಷಯ ತಾನಾಗಿ ತಿಳಿಯುತ್ತದೆ, ನಾನೇನೂ ಹೇಳಬೇಕಾಗಿಲ್ಲ.

ಅದೇ ಕಾಂಪೌಂಡಿಗೆ ಅಂಟಿಕೊಂಡಂತೆ ಜಹಾಂಗೀರ್ ಆರ್ಟ್ ಗ್ಯಾಲರಿ. ಪ್ರವೇಶಕ್ಕೆ ದುಡ್ಡಿಲ್ಲ. ವಾರ ವಾರ ಚಿತ್ರಗಳು ಬದಲಾಗುತ್ತವೆ, ಹಾಗಾಗಿ ಏನು ಸಿಗುತ್ತದೆ ಅಂತ ಮೊದಲೇ ಹೇಳಲಾಗದು. ರಸ್ತೆ ದಾಟಿದರೆ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್. 1911ರ ಕಾವಸ್‌ಜಿ ಜಹಾಂಗೀರ್ ಹಾಲ್ ಒಳಗೇ 1996ರಲ್ಲಿ ಶುರುವಾದದ್ದು. ಸೋಮವಾರ ರಜೆ.

ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಬೇರೆಯೇ ಥರ. 1872ರದ್ದು, ಈ ಊರಿನ ಅತಿ ಹಳೆಯ ಮ್ಯೂಸಿಯಂ. ಈ ನಗರವನ್ನು ಕಟ್ಟಿದವರ ಮುಖಗಳು ಬೇಕಿದ್ದರೆ ಇಲ್ಲಿಗೆ ಬನ್ನಿ. ಹೊರಗಿನ ತೋಟದಲ್ಲಿ ಕುದುರೆ ಮೇಲೆ ಕೂತ ಏಳನೇ ಎಡ್ವರ್ಡ್ ಇದ್ದಾನೆ. ಜಹಾಂಗೀರ್ ಗ್ಯಾಲರಿ ಇರುವ ಕಾಲಾ ಘೋಡಾಗೆ ಆ ಹೆಸರು ಬಂದದ್ದು ಈ ಕಪ್ಪು ಕುದುರೆಯಿಂದ. 1965ರಲ್ಲಿ ಅದನ್ನು ಅಲ್ಲಿಂದ ಎತ್ತಿ ಬೈಕಲಾಗೆ ತಂದರು, ಹೆಸರು ಮಾತ್ರ ಅಲ್ಲೇ ಉಳಿಯಿತು. ಬುಧವಾರ ರಜೆ. ಯಾವುದಕ್ಕೂ ಮನೆ ಬಿಡುವ ಮುಂಚೆ ಒಂದು ಫೋನ್ ಮಾಡಿ, ದುರಸ್ತಿಗೆ ಕೆಲವು ಕೋಣೆ ಮುಚ್ಚಿರುವುದುಂಟು.

ಇದರಲ್ಲಿ ನಮ್ಮ ಕನ್ನಡದವರು ಯಾರಾದರೂ ಇದ್ದಾರಾ?

ಇದ್ದಾರಾ ಅಂತ ಕೇಳಬೇಕಾ! ಜಹಾಂಗೀರ್ ಗ್ಯಾಲರಿಯ ಮೆಟ್ಟಿಲ ಮೇಲೆ ನಿಂತು ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಸರ್ ಕಾವಸ್‌ಜಿ ಜಹಾಂಗೀರ್ ಈ ಗ್ಯಾಲರಿಗೆ ಹಣ ಕೊಟ್ಟರು, 1952ರಲ್ಲಿ ಇದು ತೆರೆಯಿತು. ಆದರೆ ಹೀಗೊಂದು ಜಾಗ ಬೇಕೇ ಬೇಕು ಅಂತ ಅವರ ಬೆನ್ನು ಹಿಡಿದವರು ಇಬ್ಬರು. ಒಬ್ಬರು ವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರು. 1911ರಲ್ಲಿ ಹುಟ್ಟಿ, ಇಲ್ಲಿನ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಅಲ್ಲೇ ಪಾಠವನ್ನೂ ಹೇಳಿ, 1996ರವರೆಗೆ ಬದುಕಿದವರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು. ಅವರ ಗೆರೆಗಳನ್ನು ನೋಡಿ. ಕುಣಿಯುವವರ ಮೈಯನ್ನು ಮೂರು ನಾಲ್ಕು ಗೆರೆಯಲ್ಲಿ ಹಿಡಿಯುತ್ತಾರೆ, ಪೆನ್ನು ಎತ್ತಿದ್ದೇ ಗೊತ್ತಾಗುವುದಿಲ್ಲ. ಊರ ಕಡೆ ಹೋದಾಗ ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲೂ ಅವರ ಚಿತ್ರಗಳನ್ನು ನೋಡಬಹುದು.

ಕಲಬುರಗಿಯ ಎಸ್. ಎಂ. ಪಂಡಿತರು ಇನ್ನೊಬ್ಬರು (1916ರಿಂದ 1993). ಮುಂಬಯಿಗೆ ಬಂದು ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದರು. ಕ್ಯಾಲೆಂಡರ್ ಕಲೆ ಅಂತ ಯಾರಾದರೂ ಮೂಗು ಮುರಿದರೆ ನನಗೆ ಬೇಜಾರಾಗುತ್ತದೆ. ಲಕ್ಷಾಂತರ ಮನೆಗಳಲ್ಲಿ ಜನ ದಿನಾ ನೋಡಿದ ಮುಖಗಳು ಅವು.

ಈಗ ನಮ್ಮ ನಡುವೆ ಇರುವವರಲ್ಲಿ ವಾಸುದೇವ ಕಾಮತರು. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು, ಅವರೂ ಜೆ. ಜೆ. ವಿದ್ಯಾರ್ಥಿ. ಅಮೆರಿಕದ ಪೋರ್ಟ್ರೇಟ್ ಸೊಸೈಟಿಯವರ ಡ್ರೇಪರ್ ಗ್ರ್ಯಾಂಡ್ ಪ್ರೈಜ್ 2006ರಲ್ಲಿ ಅವರಿಗೆ ಬಂತು. ಯಾವ ಚಿತ್ರಕ್ಕೆ ಗೊತ್ತಾ? ತಮ್ಮ ಹೆಂಡತಿಯದ್ದೇ ಪೋರ್ಟ್ರೇಟಿಗೆ. ದೊಡ್ಡ ವ್ಯಕ್ತಿಗಳ ಚಿತ್ರ ಎಷ್ಟೋ ಬರೆದವರು ಅವರು, ಗೆದ್ದದ್ದು ಮಾತ್ರ ಮನೆಯ ಮುಖ. 2025ರಲ್ಲಿ ಪದ್ಮಶ್ರೀ ಬಂತು. ಪೋರ್ಟ್ರೇಟ್ ಕಲಾವಿದರ ಗುಂಪೊಂದನ್ನು ಇಲ್ಲಿ ಕಟ್ಟಿದವರಲ್ಲಿ ಅವರೇ ಮುಖ್ಯರು.

ಲಂಡನ್ ಗ್ಯಾಲರಿಯವರು ಯಾರ ಚಿತ್ರ ಇಡಬೇಕು ಅಂತ ಹೇಗೆ ಆರಿಸುತ್ತಾರೆ?

ಅಲ್ಲಿಗೆ ಹೋಗಿ ಬಂದವರ ಮನೆಯವರು ಇದನ್ನು ಕೇಳುತ್ತಿರುತ್ತಾರೆ. ಅವರ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ 1856ರದ್ದು. ಅವರ ಪಟ್ಟಿಯಲ್ಲಿ ಒಂದನೇ ನಂಬರ್ ಚಿತ್ರ ಶೇಕ್ಸ್‌ಪಿಯರನದು, ಚಾಂಡೋಸ್ ಪೋರ್ಟ್ರೇಟ್ ಅಂತ ಅದಕ್ಕೆ ಹೆಸರು. ಚಿತ್ರ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಚಿತ್ರದಲ್ಲಿ ಇರುವುದು ಯಾರು ಅನ್ನುವುದು ಅವರಿಗೆ ಮುಖ್ಯ. ಮೊದಲೆಲ್ಲ ತೀರಿಹೋಗಿ ಹತ್ತು ವರ್ಷವಾದ ಮೇಲಷ್ಟೇ ಗೋಡೆಗೆ ಬರಬಹುದಿತ್ತು, ರಾಜ ರಾಣಿಯರಿಗೆ ಮಾತ್ರ ವಿನಾಯಿತಿ. 1969ರಲ್ಲಿ ಆ ನಿಯಮ ತೆಗೆದು ಬದುಕಿರುವವರಿಗೂ ಜಾಗ ಕೊಟ್ಟರು.

ಯಾರು ಮುಖ್ಯ ಅನ್ನುವ ಲೆಕ್ಕವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಪೆಸಿಫಿಕ್ ದ್ವೀಪದಿಂದ 1774ರಲ್ಲಿ ಲಂಡನ್ನಿಗೆ ಬಂದ ಮಾಯ್ ಎಂಬ ಯುವಕನನ್ನು ಜೋಶುವಾ ರೆನಾಲ್ಡ್ಸ್ ಬಿಳಿ ನಿಲುವಂಗಿಯಲ್ಲಿ ನಿಲ್ಲಿಸಿ ಬರೆದಿದ್ದಾರೆ. ಆ ಚಿತ್ರವನ್ನು 2023ರಲ್ಲಿ 5 ಕೋಟಿ ಪೌಂಡಿಗೆ ಲಂಡನ್ ಗ್ಯಾಲರಿ ಮತ್ತು ಅಮೆರಿಕದ ಗೆಟ್ಟಿ ಮ್ಯೂಸಿಯಂ ಎರಡೂ ಸೇರಿ ಕೊಂಡರು. ಅಷ್ಟು ದುಡ್ಡು ಒಬ್ಬರಿಂದ ಆಗಲಿಲ್ಲ, ಅದಕ್ಕೇ ಚಿತ್ರ ಸ್ವಲ್ಪ ಕಾಲ ಇಲ್ಲಿ, ಸ್ವಲ್ಪ ಕಾಲ ಅಲ್ಲಿ. ಸಾಮಾನ್ಯ ಜನ ಕೊಟ್ಟ ಸಣ್ಣ ಸಣ್ಣ ದೇಣಿಗೆಯೂ ಅದರಲ್ಲಿ ಸೇರಿತ್ತು.

ನನ್ನ ಮಗಳು ಚೆನ್ನಾಗಿ ಮುಖ ಬರೆಯುತ್ತಾಳೆ. ಯಾವ ಬಹುಮಾನಕ್ಕೆ ಕಳಿಸಬಹುದು?

ಇಲ್ಲಿಂದಲೇ ಶುರು ಮಾಡಿ. ಬಾಂಬೆ ಆರ್ಟ್ ಸೊಸೈಟಿ 1888ರಿಂದ ಇದೆ, ವರ್ಷಕ್ಕೊಮ್ಮೆ ಅವರ ಪ್ರದರ್ಶನ ಇರುತ್ತದೆ. ಅಮೃತಾ ಶೇರ್‌ಗಿಲ್ ಮೂರು ಹುಡುಗಿಯರ ಚಿತ್ರಕ್ಕೆ 1937ರಲ್ಲಿ ಚಿನ್ನದ ಪದಕ ತಗೊಂಡದ್ದು ಈ ಸೊಸೈಟಿಯಿಂದಲೇ. ಆರ್ಟ್ ಸೊಸೈಟಿ ಆಫ್ ಇಂಡಿಯಾ ಕೂಡ ಇಲ್ಲಿಯದೇ, 1918ರದ್ದು. ದೆಹಲಿಯ ಲಲಿತ ಕಲಾ ಅಕಾಡೆಮಿಯವರ ರಾಷ್ಟ್ರೀಯ ಪ್ರದರ್ಶನವೂ ಇದೆ.

ಹೊರದೇಶದ್ದಾದರೆ ನಿಯಮ ಚೆನ್ನಾಗಿ ಓದಿ. ಲಂಡನ್ ಗ್ಯಾಲರಿಯ ಪೋರ್ಟ್ರೇಟ್ ಬಹುಮಾನಕ್ಕೆ 18 ದಾಟಿದ ಯಾವ ದೇಶದವರೂ ಕಳಿಸಬಹುದು. ಆಸ್ಟ್ರೇಲಿಯಾದ ಆರ್ಚಿಬಾಲ್ಡ್ ಪ್ರೈಜ್ 1921ರಿಂದ ನಡೆಯುತ್ತಿದೆ, ಭಾರೀ ಹೆಸರು, ಆದರೆ ಅದು ಆ ಕಡೆ ನೆಲೆಸಿದವರಿಗೆ ಮಾತ್ರ. ಅವರ ಒಂದು ನಿಯಮ ನನಗೆ ತುಂಬಾ ಇಷ್ಟ. ಫೋಟೊ ನೋಡಿಕೊಂಡು ಬರೆದು ಕಳಿಸುವ ಹಾಗಿಲ್ಲ, ಚಿತ್ರದಲ್ಲಿರುವವರು ಕನಿಷ್ಠ ಒಂದು ಸಲವಾದರೂ ಕಲಾವಿದರ ಎದುರು ಕೂತಿರಬೇಕು. ನಿಮ್ಮ ಮಗಳಿಗೂ ಇದನ್ನೇ ಹೇಳಿ. ಮೊಬೈಲಿನ ಫೋಟೊ ಬಿಟ್ಟು ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಬರೆಯಲಿ. ಅಜ್ಜಿ ಹತ್ತು ನಿಮಿಷಕ್ಕೆ ತೂಕಡಿಸುತ್ತಾರೆ, ಎಚ್ಚರಾಗಿ ಮಾತಾಡುತ್ತಾರೆ, ಆ ಮುಖ ಯಾವ ಫೋಟೊದಲ್ಲೂ ಸಿಗುವುದಿಲ್ಲ.

ಕಾಲಾ ಘೋಡಾದ ಫುಟ್‌ಪಾತ್‌ನಲ್ಲಿ ಚಿತ್ರ ಬರೆಸಿಕೊಳ್ಳಬಹುದಾ? ದುಡ್ಡು ದಂಡವಾ?

ಬರೆಸಿಕೊಳ್ಳಿ, ದಂಡ ಅಲ್ಲವೇ ಅಲ್ಲ. ಜಹಾಂಗೀರ್ ಗ್ಯಾಲರಿ ಹೊರಗೆ ಕಲಾವಿದರು ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಮೊದಲೇ ರೇಟು ಮಾತಾಡಿಕೊಳ್ಳಿ, ಆಮೇಲೆ ಚೌಕಾಸಿ ಬೇಡ. ಹೋದ ಡಿಸೆಂಬರಿನಲ್ಲಿ ನಮ್ಮ ಗುಂಪಿನ ಒಬ್ಬ ಅಕ್ಕ ಕೂತಿದ್ದರು. ಇಪ್ಪತ್ತು ನಿಮಿಷ ಅಲುಗಾಡದೆ ಕೂರುವುದು ಎಷ್ಟು ಕಷ್ಟ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಕಲಾವಿದ ಹುಡುಗ ಮೊದಲು ಕಣ್ಣಿನಿಂದ ಶುರು ಮಾಡಲಿಲ್ಲ. ಹುಬ್ಬಿನ ಕೆಳಗಿನ ನೆರಳನ್ನು ಇದ್ದಲಿನಿಂದ ಉಜ್ಜಿದ, ಬೆರಳಿನಿಂದ ಹರಡಿದ, ಮೂಗಿನ ತುದಿಯ ಬೆಳಕಿಗೆ ರಬ್ಬರಿನಿಂದ ಒಂದು ಚುಕ್ಕೆ ಒರೆಸಿದ. ಅಷ್ಟಕ್ಕೇ ಅಕ್ಕ ಕಾಗದದಲ್ಲಿ ಕಾಣಿಸಿಕೊಂಡರು. ಆಮೇಲೆ ಅವರು ಮ್ಯೂಸಿಯಂ ಒಳಗೆ ಬಂದು ಪ್ರತಿ ಚಿತ್ರದ ಮುಂದೂ ಎರಡರಷ್ಟು ಹೊತ್ತು ನಿಂತರು.

ಕಾರ್ಯಕ್ರಮಗಳು ಯಾವಾಗ ಜಾಸ್ತಿ?

ಜನವರಿ ಕೊನೆಗೆ, ಫೆಬ್ರವರಿ ಶುರುವಿನಲ್ಲಿ. 1999ರಿಂದ ಕಾಲಾ ಘೋಡಾ ಉತ್ಸವ ನಡೆಯುತ್ತಿದೆ, ಒಂಬತ್ತು ದಿನ. ಶನಿವಾರ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ, ವಾರದ ನಡುವೆ ಹೋಗಿ. ಮೇ 18 ಮ್ಯೂಸಿಯಂಗಳ ದಿನ, ಅವತ್ತೂ ಏನಾದರೂ ಇರುತ್ತದೆ. ಪ್ರದರ್ಶನಗಳಲ್ಲಿ ಕಲಾವಿದರು ಎಲ್ಲರೆದುರು ಕೂತು ಪೋರ್ಟ್ರೇಟ್ ಬರೆದು ತೋರಿಸುವುದುಂಟು. ಅಂಥದ್ದು ಇದೆ ಅಂತ ಕೇಳಿದರೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿಯಾದರೂ ಹೋಗಿ.

ನಮ್ಮ ಅಪ್ಪನ ತೈಲಚಿತ್ರ ದುಡ್ಡು ಕೊಟ್ಟು ಬರೆಸಿದ್ದೇವೆ. ಹಕ್ಕು ಯಾರದ್ದು?

1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಪೋರ್ಟ್ರೇಟ್ ಅಥವಾ ತೆಗೆಸಿದ ಫೋಟೊದ ಹಕ್ಕು ಬರೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಅಪ್ಪನ ಬಗ್ಗೆ ಪುಸ್ತಕ ಮಾಡುವಾಗ ಚಿತ್ರ ಹಾಕಿಕೊಳ್ಳಬಹುದು. ಆದರೆ ಬರೆದವರ ಹೆಸರು ಹಾಕಲೇಬೇಕು. ನಮ್ಮ ಎಷ್ಟೋ ಸ್ಮರಣ ಸಂಚಿಕೆಗಳಲ್ಲಿ ಇದು ಬಿಟ್ಟುಹೋಗಿರುತ್ತದೆ. ಚಿತ್ರ ಬರೆದವರಿಗೆ ಅದು ಎಷ್ಟು ನೋವಾಗುತ್ತದೆ ಅಂತ ಒಬ್ಬರ ಬಾಯಿಂದಲೇ ಕೇಳಿದ್ದೇನೆ.

ಗೋವಾಕ್ಕೆ ಹೋಗುತ್ತಿದ್ದೇವೆ. ಅಲ್ಲಿ ಏನಾದರೂ ಇದೆಯಾ?

ಬೀಚಿಗೆ ಹೋಗುವ ಮುಂಚೆ ಓಲ್ಡ್ ಗೋವಾಕ್ಕೆ ಹೋಗಿ. ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿಗೆ ಸೇರಿದ ಹಳೆಯ ಕಾನ್ವೆಂಟಿನಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಮೇಲಂತಸ್ತಿನಲ್ಲಿ ಪೋರ್ಚುಗೀಸ್ ವೈಸರಾಯ್‌ಗಳ, ಗವರ್ನರ್‌ಗಳ ಆಳೆತ್ತರದ ಚಿತ್ರಗಳ ಸಾಲು. ತನಗಿಂತ ಮೊದಲು ಆಳಿದವರೆಲ್ಲರ ಚಿತ್ರ ಬರೆಸಬೇಕು ಅಂತ 1547ರಲ್ಲಿ ಜುವಾಂವ್ ದ ಕಾಸ್ತ್ರೊ ಶುರು ಮಾಡಿಸಿದ್ದು. ಬರೆದದ್ದು ಇಲ್ಲಿಯದೇ ಚಿತ್ರಕಾರ. ಆಮೇಲೆ ಬಂದವರು ದುರಸ್ತಿ ಅಂತ ಹಳೆಯ ಮುಖಗಳ ಮೇಲೇ ಮತ್ತೆ ಮತ್ತೆ ಬಣ್ಣ ಬಳಿದಿದ್ದಾರೆ. ಹಾಗಾಗಿ ನಾವು ನೋಡುವ ಕೆಲವು ಮುಖಗಳ ಕೆಳಗೆ ಇನ್ನೊಂದು ಮುಖ ಇದೆ. ಶುಕ್ರವಾರ ರಜೆ.

ಪಣಜಿಯ ಫೊಂತೈನ್ಯಾಸ್‌ನ ಫುಂದಾಸಾಂವ್ ಓರಿಯೆಂತ್ ಎಂಬ ಸಂಸ್ಥೆಯಲ್ಲಿ ಎ. ಎಕ್ಸ್. ತ್ರಿಂದಾದ್ ಅವರ ಚಿತ್ರಗಳಿವೆ. 1870ರಲ್ಲಿ ಗೋವಾದಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ.ಯಲ್ಲಿ ಕಲಿತು ಕಲಿಸಿದವರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರೆದ ಚಿತ್ರಗಳಲ್ಲಿ ಮನೆಯೊಳಗಿನ ಮಧ್ಯಾಹ್ನದ ಬೆಳಕು ಹಾಗೇ ಇದೆ.

ಹಳೆಯ ಪಟಗಳಿಗೆ ಮುಂಬಯಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಏನು ಮಾಡಲಿ?

ಜೂನ್ ಬಂತೆಂದರೆ ಇದೇ ಪ್ರಶ್ನೆ. ಹೊರಗೋಡೆಗೆ, ಅಂದರೆ ಮಳೆ ಹೊಡೆಯುವ ಗೋಡೆಗೆ ಪಟ ಹಾಕಬೇಡಿ. ಒಳಗೋಡೆಗೆ ಹಾಕಿ, ಅದೂ ಪೂರ್ತಿ ಅಂಟದ ಹಾಗೆ. ಬಾಟಲಿ ಬಿರಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಅಂಟಿಸಿದರೆ ಸಾಕು, ಹಿಂದೆ ಗಾಳಿ ಆಡುತ್ತದೆ.

ತೈಲಚಿತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಆಲೂಗಡ್ಡೆ ಉಜ್ಜಿ, ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಒಣಗಿದ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆಯಿರಿ, ಬಣ್ಣ ಚಕ್ಕೆ ಏಳುತ್ತಿದ್ದರೆ ಅದನ್ನೂ ಮಾಡಬೇಡಿ. ಚಿತ್ರ ಹಳದಿ ತಿರುಗಿದ್ದರೆ ಅದು ಹೆಚ್ಚಾಗಿ ಮೇಲಿನ ವಾರ್ನಿಶ್, ಕೆಳಗಿನ ಬಣ್ಣ ಚೆನ್ನಾಗೇ ಇರುತ್ತದೆ. ಅದನ್ನು ತೆಗೆಯುವುದು ಕಲಿತವರ ಕೆಲಸ. ಶಿವಾಜಿ ಮಹಾರಾಜ್ ಮ್ಯೂಸಿಯಂನಲ್ಲಿ ಇದಕ್ಕೆಂದೇ ಒಂದು ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ.

ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಎಳೆದರೆ ಮುಖವೇ ಗಾಜಿನ ಜೊತೆ ಹೋಗುತ್ತದೆ. ನನ್ನ ಅಜ್ಜಿಯ ಒಂದೇ ಒಂದು ಫೋಟೊ ಹೀಗೆ ಹೋಯಿತು. ಎಡಗೆನ್ನೆ ಗಾಜಿನ ಮೇಲೆ, ಬಲಗೆನ್ನೆ ಕಾಗದದ ಮೇಲೆ. ಇನ್ನೊಂದು ವಿಷಯ, ಪಟಕ್ಕೆ ಕುಂಕುಮ, ಗಂಧ ಹಚ್ಚುವವರು ಗಾಜಿನ ನಡುವೆ ಹಚ್ಚಿ, ಅಂಚಿಗೆ ಬೇಡ. ಅಂಚಿನಿಂದ ತೇವ ಒಳಗಿಳಿಯುತ್ತದೆ. ಹೂವಿನ ಹಾರವನ್ನು ಮರುದಿನವೇ ತೆಗೆಯಿರಿ.

ನಮ್ಮ ಸಂಘದ ಹಾಲಿನಲ್ಲಿ ಮೂವತ್ತು ನಲವತ್ತು ಪಟಗಳಿವೆ. ಅವುಗಳಿಗೆ ಬೆಲೆ ಇದೆಯಾ?

ನನಗೆ ಮ್ಯೂಸಿಯಂಗಿಂತ ಹತ್ತಿರದ ವಿಷಯ ಇದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮೈಸೂರು ಅಸೋಸಿಯೇಷನ್ 1926ರದ್ದು. ಇಷ್ಟು ಹಳೆಯ ಸಂಘಗಳು, ರಾತ್ರಿ ಶಾಲೆಗಳು, ಭಜನಾ ಮಂಡಳಿಗಳು ಇರುವ ಊರು ಇದು. ಒಂದೊಂದರ ಗೋಡೆಯಲ್ಲೂ ಸ್ಥಾಪಕರು, ದಾನಿಗಳು, ಮೇಷ್ಟ್ರುಗಳು ಸಾಲಾಗಿ ಕೂತಿದ್ದಾರೆ. ಎಲ್ಲವನ್ನೂ ಸೇರಿಸಿದರೆ ಅದೇ ನಮ್ಮ ಪೋರ್ಟ್ರೇಟ್ ಗ್ಯಾಲರಿ. ಹರಾಜಿನಲ್ಲಿ ಬೆಲೆ ಬರಲಿಕ್ಕಿಲ್ಲ. ಆದರೆ ಊರು ಬಿಟ್ಟು ಬಂದು ಇಲ್ಲಿ ನೆಲೆ ಮಾಡಿಕೊಂಡವರ ಮುಖ ಬೇರೆಲ್ಲೂ ಸಿಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಹಾಲಿಗೆ ಬಣ್ಣ ಹೊಡೆಸುವಾಗ ಪಟಗಳನ್ನೆಲ್ಲ ಇಳಿಸಿ ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಪೇರಿಸಿದ್ದರು. ಜುಲೈ ತಿಂಗಳು. ನಾವು ಹೋಗಿ ನೋಡುವಾಗ ಕೆಳಗಿನ ಆರು ಪಟ ನೀರು ಕುಡಿದಿದ್ದವು. ಅದಕ್ಕಿಂತ ಬೇಜಾರಾದದ್ದು ಬೇರೆ. ಹೆಸರಿನ ಚೀಟಿಗಳನ್ನು ಗೋಡೆಗೆ ಅಂಟಿಸಿದ್ದರು, ಪಟಕ್ಕಲ್ಲ. ಬಣ್ಣದವರು ಚೀಟಿಗಳನ್ನು ಕೆರೆದು ಹಾಕಿದ್ದರು. ಉಳಿದ ಇಪ್ಪತ್ತೆರಡು ಪಟಗಳಲ್ಲಿ ಒಂಬತ್ತು ಜನ ಯಾರು ಅಂತ ಕಮಿಟಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಬೇಕಂತ ಮಾಡಿದ್ದಲ್ಲ, ಯಾರಿಗೂ ಹೊಳೆದಿರಲಿಲ್ಲ ಅಷ್ಟೇ.

ಅದಕ್ಕೇ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ: ಹೆಸರು ಪಟದ ಹಿಂದೆ ಇರಲಿ. ಹೆಸರು, ಊರು, ಏನು ಮಾಡುತ್ತಿದ್ದರು, ಪಟ ಯಾರು ಕೊಟ್ಟರು, ಯಾವ ವರ್ಷ, ಬರೆದವರು ಅಥವಾ ತೆಗೆದವರು ಯಾರು. ಹಿಂದಿನ ರಟ್ಟಿನ ಮೇಲೆ ಮೆತ್ತನೆ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ ಬೇಡ, ಒತ್ತಿದ ಗುರುತು ಮುಂದೆ ಮೂಡುತ್ತದೆ, ಶಾಯಿ ತೇವಕ್ಕೆ ಹರಡುತ್ತದೆ. ಕ್ಯಾನ್ವಾಸಿನ ಬೆನ್ನಿಗಂತೂ ಏನೂ ಬರೆಯಬೇಡಿ, ಮರದ ಚೌಕಟ್ಟಿನ ಮೇಲೆ ಬರೆಯಿರಿ. ಆಮೇಲೆ ಪಟದ ಮುಂದು ಹಿಂದು ಎರಡೂ ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿಡಿ. ಎರಡು ಭಾನುವಾರದ ಕೆಲಸ.

ಹಣದ ಸಹಾಯ ಮಾಡಬೇಕು ಅಂತಿದೆ. ಯಾರಿಗೆ, ಹೇಗೆ?

ಮ್ಯೂಸಿಯಂಗಳಲ್ಲಿ ಸದಸ್ಯತ್ವದ ಯೋಜನೆ ಇದೆಯಾ ಅಂತ ಕೌಂಟರಿನಲ್ಲಿ ಕೇಳಿ. ಟ್ರಸ್ಟುಗಳಿಗೆ ಕೊಡುವಾಗ ತೆರಿಗೆ ವಿನಾಯಿತಿಯ ರಸೀದಿ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ. ದೊಡ್ಡ ಕಂಪನಿ ಇರುವವರಿಗೆ 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ 2 ಶೇಕಡಾ ಸಮಾಜಕ್ಕೆ ಖರ್ಚು ಮಾಡಬೇಕಲ್ಲ, ಕಲೆ ಮತ್ತು ಪರಂಪರೆ ಉಳಿಸುವ ಕೆಲಸವೂ ಆ ಪಟ್ಟಿಯಲ್ಲಿದೆ. ಭಾವು ದಾಜಿ ಲಾಡ್ ಮ್ಯೂಸಿಯಂ ಇವತ್ತು ಹೊಳೆಯುತ್ತಿರುವುದು ಪಾಲಿಕೆ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆ ಮತ್ತು ಜಮ್ನಾಲಾಲ್ ಬಜಾಜ್ ಫೌಂಡೇಶನ್ ಕೈಜೋಡಿಸಿದ್ದರಿಂದ. ಆ ಕೆಲಸಕ್ಕೆ 2005ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು.

ಆದರೆ ಹತ್ತು ಸಾವಿರ ರೂಪಾಯಿ ಇದೆ, ಏನು ಮಾಡಲಿ ಅಂದರೆ ನನ್ನ ಉತ್ತರ ಬೇರೆ. ನಿಮ್ಮ ಸಂಘದ ಹತ್ತು ಪಟಗಳಿಗೆ ಹೊಸ ಕಟ್ಟು, ಹೊಸ ರಟ್ಟು ಹಾಕಿಸಿ. ಅದಕ್ಕೆ ಯಾರೂ ಶಾಲು ಹೊದಿಸಲಿಕ್ಕಿಲ್ಲ, ಆದರೂ ಮಾಡಿ.

ಮನೆಯಲ್ಲಿ ರವಿವರ್ಮನ ಚಿತ್ರ ಇದೆ. ಮ್ಯೂಸಿಯಂಗೆ ಕೊಡಬಹುದಾ?

ಹತ್ತರಲ್ಲಿ ಒಂಬತ್ತು ಸಲ ಅದು ಅಚ್ಚಿನ ಪ್ರತಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲೇ ಮುದ್ರಣಾಲಯ ಶುರು ಮಾಡಿದರು, ಆಮೇಲೆ ಅದು ಲೋಣಾವಳ ಕಡೆಗೆ ಹೋಯಿತು. ಭೂತಗನ್ನಡಿಯಲ್ಲಿ ನೋಡಿ, ಸಣ್ಣ ಸಣ್ಣ ಚುಕ್ಕೆ ಕಂಡರೆ ಅಚ್ಚಿನದು. ಅದಕ್ಕೂ ಬೆಲೆ ಇದೆ, ಬಿಸಾಡಬೇಡಿ. ನಿಜಕ್ಕೂ ಕೈಯಿಂದ ಬರೆದದ್ದೇ ಆಗಿದ್ದರೆ ತಜ್ಞರಿಗೆ ತೋರಿಸಿ. ರವಿವರ್ಮನ ಚಿತ್ರಗಳನ್ನು ದೇಶದ ಹೊರಗೆ ಮಾರುವ ಹಾಗಿಲ್ಲ, ನೆನಪಿರಲಿ.

ಪಟದಲ್ಲಿರುವವರು ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಟ್ಟುಕೊಂಡು ಏನು ಮಾಡಲಿ?

ಇಟ್ಟುಕೊಳ್ಳಿ. ಮೊದಲು ಹಿಂದೆ ತಿರುಗಿಸಿ ನೋಡಿ. ಸ್ಟುಡಿಯೊ ಮುದ್ರೆ ಇರಬಹುದು, ರಟ್ಟಿನ ಒಳಗೆ ಹಳೆಯ ಪೇಪರ್ ಇಟ್ಟಿರಬಹುದು, ಅದರ ತಾರೀಕಿನಿಂದ ಕಾಲ ಗೊತ್ತಾಗುತ್ತದೆ. ಆಮೇಲೆ ಬಟ್ಟೆ, ಟೋಪಿ, ಕೈಯಲ್ಲಿರುವ ವಸ್ತು ನೋಡಿ. ಕೊನೆಗೆ ನಿಮಗೆ ಗೊತ್ತಿರುವ ಎಲ್ಲರಿಗಿಂತ ಹಿರಿಯರ ಹತ್ತಿರ ಒಯ್ಯಿರಿ. ಮೊಬೈಲಿನಲ್ಲಿ ತೋರಿಸಬೇಡಿ, ಪಟವನ್ನೇ ಕೈಗೆ ಕೊಡಿ.

ಆ ಒಂಬತ್ತು ಪಟಗಳಲ್ಲಿ ಒಂದು ಕರಿ ಟೋಪಿ ಹಾಕಿದವರದ್ದು, ಜೇಬಿನಲ್ಲಿ ಎರಡು ಪೆನ್ನು. ಮಾಟುಂಗಾದಲ್ಲಿ ಎಂಬತ್ತು ದಾಟಿದ ಒಬ್ಬರ ಮನೆಗೆ ಒಯ್ದೆವು. ಸಣ್ಣ ವಯಸ್ಸಿನಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಅವರು ಮುಖ ನೋಡಿ ಸುಮ್ನೆ ಕೂತರು. ಆಮೇಲೆ ಕನ್ನಡಕ ಒರೆಸಿಕೊಂಡು ಜೇಬಿನ ಹತ್ತಿರ ಬೆರಳಿಟ್ಟರು. ‘ಇದು ನೀಲಿ, ಇದು ಕೆಂಪು. ಕೆಂಪು ಪೆನ್ನು ತೆಗೆದರೆ ನಮಗೆ ನಡುಕ. ಲೆಕ್ಕದ ಮೇಷ್ಟ್ರು ಮಾರಾಯ್ರೆ, ನಮ್ಮ ಲೆಕ್ಕದ ಮೇಷ್ಟ್ರು!’ ಹೆಸರು ಹೇಳಿದರು, ಊರು ಹೇಳಿದರು, ರಾತ್ರಿ ಹತ್ತೂವರೆಗೆ ಕ್ಲಾಸು ಬಿಟ್ಟ ಮೇಲೆ ಹುಡುಗರ ಜೊತೆ ಸ್ಟೇಷನ್‌ವರೆಗೂ ನಡೆಯುತ್ತಿದ್ದರು ಅಂತ ಹೇಳಿದರು. ಪೆನ್ಸಿಲ್ ಕೊಟ್ಟೆವು. ರಟ್ಟಿನ ಮೇಲೆ ಅವರೇ ಬರೆದರು, ಕೈ ನಡುಗುತ್ತಿದ್ದರೂ ಅಕ್ಷರ ದುಂಡಗೇ ಇತ್ತು.

ಇನ್ನೂ ಎಂಟು ಪಟ ಉಳಿದಿವೆ. ಮುಂದಿನ ಭಾನುವಾರ ಅವುಗಳ ಫೋಟೊ ಪ್ರತಿಗಳನ್ನು ದೊಡ್ಡದಾಗಿ ತೆಗೆಸಿಕೊಂಡು ಬರುತ್ತೇನೆ. ನಿಮ್ಮ ಮನೆಯ ಹಿರಿಯರು ಫೋರ್ಟಿನಲ್ಲೋ ಮಾಟುಂಗಾದಲ್ಲೋ ಕೆಲಸ ಮಾಡಿದವರಾಗಿದ್ದರೆ ಕರೆದುಕೊಂಡು ಬನ್ನಿ. ಮೆಟ್ಟಿಲು ಹತ್ತಲು ಆಗದಿದ್ದರೆ ತಿಳಿಸಿ, ನಾವೇ ಮನೆಗೆ ಬರುತ್ತೇವೆ.